ಸಾಯಬಮ್ಮನ ಹೆಬ್ಬೆರಳು ಮತ್ತು ಪುಕ್ಕಟೆ ಇಲಾಜು

ಚಂದ್ರಾಮಪ್ಪ ಸಾವ್ಕಾರ ನಮ್ಮ ದೋರನಹಳ್ಳಿಯ ಚಾದ ಹೋಟೆಲಿನ ಕಟ್ಟಿ ಮ್ಯಾಲೆ ಕುಂತು ನಾಕು ಮಂದಿ ಮುಂದೆ ಹೇಳಿದನಂತೆ: ಸಾಯಬಮ್ಮಗ ಸರ್ಕಾರ ಪುಕ್ಕಟೆ ಇಲಾಜು ಮಾಡಿಸಿ ಜೀವ ಉಳಿಸ್ಯದ, ಒಂದು ಪೈಸೆ ಖರ್ಚಾಗಿಲ್ಲ, ಆದರೂ ಈ ಹೆಣ್ಣುಮಕ್ಕಳ ಬಾಯಾಗ ಉಪಕಾರದ ಮಾತಿಲ್ಲ ಅಂತ. ಈ ಸುದ್ದಿ ತಂದಾಕಿ ನಮ್ಮ ಜತಿಗಿ ಗದ್ದಿಗೆ ಬರೂ ಕರೆಮ್ಮ. ನಾನು ರೊಟ್ಟಿ ಬಡಿಯಾಕ ಕುಂತಿದ್ದೆ. ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಕರ್ರಗಾಯಿತು, ನನಗ ಗೊತ್ತೇ ಆಗಲಿಲ್ಲ.

ಊರ ಮಂದಿ ಹಂಗಂದಿದ್ದರ ಬಿಟ್ಟುಬಿಡುತ್ತಿದ್ದೆ. ಅವರಿಗೆ ಗೊತ್ತಿಲ್ಲ. ಚಂದ್ರಾಮಪ್ಪಗ ಗೊತ್ತದ. ಅವನಿಗೆ ಎಷ್ಟು ಗೊತ್ತದ ಅನ್ನೂದನ್ನ ಹೇಳಬೇಕಂದ್ರ ಸಾಯಬಮ್ಮನ ಕಥಿ ಮೊದಲಿಂದ ಹೇಳಬೇಕು. ಹೇಳತೀನಿ.

ಸಾಯಬಮ್ಮ ಬಳಿಚಕ್ರದ ಮಗಳು. ಅಲ್ಲಿಯ ಹೊಲ ಎಲ್ಲಾ ಮಳಿ ನಂಬಿದ್ದು, ಜೋಳ, ತೊಗರಿ, ಸಜ್ಜಿ. ಆಕಿ ಹುಲಗಪ್ಪನ ಹೆಂಡತಿಯಾಗಿ ನಮ್ಮೂರಿಗೆ ಬಂದಾಗ ಕೆನಾಲಿಗೆ ನೀರು ಬಿಟ್ಟು ಒಂದೆರಡು ವರ್ಷ ಆಗಿದ್ದವು ಅಷ್ಟೇ. ಜೋಳದ ಹೊಲಗಳು ನಮ್ಮ ಕಣ್ಣೆದುರಿಗೇ ನೆಲ್ಲಿನ ಗದ್ದಿ ಆಗಾಕತ್ತಿದ್ದವು. ನೆಲ್ಲಿನ ಸಸಿ ಹಚ್ಚೂದು ನಮಗೂ ಹೊಸ ಕೆಲಸ. ಆಂಧ್ರದಿಂದ ಬಂದು ಕ್ಯಾಂಪ್ ಹಾಕಿಕೊಂಡ ತೆಲುಗು ಹೆಣ್ಣುಮಕ್ಕಳು ಬಗ್ಗಿ ಹಚ್ಚೂದನ್ನ ಬದುವಿನ ಮ್ಯಾಲೆ ನಿಂತು ನೋಡಿ ಕಲಿತಿದ್ದೆವು. ಸಾಯಬಮ್ಮ ಬಾವಿಯ ನೀರು ಬಿಟ್ಟರ ಬ್ಯಾರೆ ನೀರು ಕಂಡಾಕಿ ಅಲ್ಲ. ಮೊದಲ ದಿನ ಕೆಸರಾಗ ಕಾಲಿಟ್ಟಾಕಿ ಕಾಲು ಕೀಳಲಾರದ ಹಂಗ ಕುಂತೇ ಬಿಟ್ಟಳು. ಎಬ್ಬಿಸಿದಾಗ ಒಂದು ಕಾಲುಂಗುರ ಇಲ್ಲ. ಹೊಸ ಮದುಮಗಳು, ಈಗ ಅಳತಾಳ ಅಂತ ನಾವೆಲ್ಲಾ ಕೆಸರಾಗ ಕೈ ಹಾಕಿ ಹುಡುಕಾಕತ್ತಿದ್ದೆವು. ಆಕಿ, “ಬಿಡ್ರಿ, ಬಿತ್ತೀನಿ. ಸುಗ್ಗಿಗೆ ನಾಕು ಬರ್ತಾವ” ಅಂದಳು. ಸುಗ್ಗಿಯಾಗ ಕೊಯ್ಯೂವರ ಕುಡಗೋಲಿಗೆ ಅದು ಸಿಕ್ಕಿತು, ಒಂದೇ. ಕೈಯಾಗ ಹಿಡಿದು ನೋಡಿ, “ಬೀಜ ಖೊಟ್ಟಿ” ಅಂದಳು. ಇವತ್ತಿಗೂ ಅದು ಆಕಿ ಕಾಲಾಗ ಅದ.

ಆಗ ನಮ್ಮ ಗುಂಪಿಗೆ ಒಬ್ಬ ಗಂಡಸು ಮೇಸ್ತ್ರಿ ಇದ್ದ. ಎಕರೆಗೆ ಇಷ್ಟು ಅಂತ ಗುತ್ತಿ ಮಾತಾಡಿ ಬರೂದು ಅವನ ಕೆಲಸ, ಕೆಸರಿಗೆ ಇಳಿಯೂದು ನಮ್ಮ ಕೆಲಸ. ಬಂದ ರೊಕ್ಕದಾಗ ಮೊದಲ ಪಾಲು ಅವನದು. ಸಾಯಬಮ್ಮ ಒಂದು ಹಂಗಾಮು ನೋಡಿದಳು, ಎರಡು ಹಂಗಾಮು ನೋಡಿದಳು. ಮೂರನೇದಕ್ಕ ತಾನೇ ಹೋಗಿ ಸಾವ್ಕಾರರ ಹತ್ರ ಗುತ್ತಿ ಮಾತಾಡಿ ಬಂದಳು. ಮೇಸ್ತ್ರಿ ಜಗಳಕ್ಕ ಬಂದ. ಹನ್ನೆರಡು ಮಂದಿ ಕೆಸರುಗಾಲಿನ ಹೆಣ್ಣುಮಕ್ಕಳು ಸುತ್ತ ನಿಂತದ್ದು ನೋಡಿ ಬಂದ ದಾರಿ ಹಿಡಿದ. ಅವತ್ತಿಂದ ಅದು ಸಾಯಬಮ್ಮನ ಗುಂಪು.

ಸಸಿ ಹಚ್ಚೂದು ಹಿಂದಕ್ಕ ಸರಿಯುತ್ತಾ ಮಾಡೂ ಕೆಲಸ. ಎಲ್ಲಾರೂ ಒಂದೇ ಸಾಲಾಗಿ ಬಗ್ಗಿ ನಿಲ್ಲಬೇಕು, ಒಂದೇ ಹದಕ್ಕ ಹಿಂದ ಸರಿಯಬೇಕು. ಒಬ್ಬಾಕಿ ಕೈ ನಿಧಾನಾದರ ಸಾಲು ಡೊಂಕಾಗತದ. ಅದಕ್ಕ ಸಾಯಬಮ್ಮ ಒಂದು ಕಾಯ್ದೆ ಮಾಡಿದಳು. ನಿಧಾನಾದಾಕಿಯ ಪಾಲಿನ ಸಸಿಯನ್ನ ಎಡಗಡಿಯಾಕಿ ಒಂದಿಷ್ಟು, ಬಲಗಡಿಯಾಕಿ ಒಂದಿಷ್ಟು ಹಚ್ಚಬೇಕು. ಕಡೀ ಸಸಿ ಹಚ್ಚೂತನಕ ಯಾರೂ ಬದು ಹತ್ತಂಗಿಲ್ಲ. ರೊಕ್ಕ ಬಂದಾಗ ಎಲ್ಲಾರಿಗೂ ಸಮ ಪಾಲು. ಹಸಿ ಬಾಣಂತಿಗೂ ಪಾಲು, ಜ್ವರ ಬಂದು ಮಲಗಿದಾಕಿಗೂ ಪಾಲು. ನನ್ನ ಗಂಡ ತೀರಿಕೊಂಡಾಗ ನಾನು ತಿಂಗಳಾನುಗಟ್ಟಲೆ ಮನಿ ಬಿಟ್ಟು ಹೊರಗ ಬರಲಿಲ್ಲ. ಪ್ರತಿ ಸಂತಿ ದಿನ ನನ್ನ ಪಾಲು ಹೊಸ್ತಿಲ ಮ್ಯಾಲೆ ಬಂದಿರುತ್ತಿತ್ತು. ಇಟ್ಟು ಹೋಗಾಕಿ ಬಾಗಿಲು ಸೈತ ಬಡಿಯುತ್ತಿರಲಿಲ್ಲ.

ಹೆಬ್ಬೆರಳಿನ ಮಾತಿಗೆ ಬರತೀನಿ. ಆಧಾರ ಕಾರ್ಡು ಮಾಡೂವರು ಊರಿನ ಕನ್ನಡ ಸಾಲಿಗೆ ಬಂದಾಗ ಹಂಗಾಮಿನ ನಟ್ಟನಡುವ. ಗದ್ದಿಯಿಂದ ಹಂಗೇ ಹೋದೆವು. ಸಿಕಂದರ ಅಂತ ಒಬ್ಬ ಟಂಟಂ ಹೊಡೀತಿದ್ದ, ದಿನಾ ನಮ್ಮನ್ನ ಗದ್ದಿಗೆ ಒಯ್ದು ತರೂದು ಅವನೇ. ಅವನ ಗಾಡಿಯಾಗೇ ಹೋದೆವು. ಸಸಿ ಹಚ್ಚೀ ಹಚ್ಚೀ ನಮ್ಮ ಬೆರಳು ಸವೆದು ನುಣ್ಣಗಾಗಿದ್ದವು, ಮಷೀನು ಹಿಡಿಯಲೊಲ್ಲದು. ಒರಿಸು ಅಂದರು, ಒತ್ತು ಅಂದರು, ಕಡೀಕ ಹೆಂಗೋ ಹಿಡಿಯಿತು. ಕಣ್ಣಿಗೂ ಒಂದು ಡಬ್ಬಿ ಹಚ್ಚಿ ನೋಡಿಕೊಂಡರು. ಆಮ್ಯಾಲೆ ಫೋನ ನಂಬರ ಕೇಳಿದರು. ನಮ್ಮ ಪೈಕಿ ಒಬ್ಬಾಕಿ ಹತ್ರನೂ ಫೋನ ಇಲ್ಲ. ಸಾಯಬಮ್ಮ ಕಿಟಕಿಯಾಗ ಮುಖ ಹಾಕಿ, “ಏ ಸಿಕಂದರ, ನಿನ್ನ ನಂಬರ ಒದರು” ಅಂದಳು. ಅವ ಒದರಿದ. ಆಕಿ ಅದನ್ನೇ ಬರೆಸಿದಳು, ಆಕಿ ಹಿಂದ ನಾವೆಲ್ಲಾರೂ ಅದನ್ನೇ ಬರೆಸಿದೆವು. ನಂಬರ ಇಲ್ಲದ ಕಾರ್ಡು ಆಗಂಗಿಲ್ಲೇನೋ ಅಂತ ನಮ್ಮ ತಿಳುವಳಿಕಿ. ವಾಪಸು ಬರುವಾಗ ಸಿಕಂದರ, ಇನ್ನ ಮ್ಯಾಲೆ ನೀವೆಲ್ಲಾ ನನ್ನ ಮನಿ ಮಂದಿ, ರೇಷನ್ ಅಕ್ಕಿ ನನ್ನ ಮನ್ಯಾಗ ಇಳಿಸಿ ಹೋಗ್ರಿ ಅಂತ ದಾರಿ ತುಂಬ ಕಾಡಿದ. ನಕ್ಕು ನಕ್ಕು ಸಾಕಾಯಿತು. ಅವತ್ತು ನಕ್ಕದ್ದು ಮುಂದ ಎಲ್ಲಿಗೆ ಒಯ್ಯತದ ಅಂತ ಯಾರಿಗೆ ಗೊತ್ತು.

ಅದಾಗಿ ಎಷ್ಟೋ ವರ್ಷಕ್ಕ, ಎದಿಯಾಗ ಗಂಟು ಆಗಿದ್ದನ್ನ ಸಾಯಬಮ್ಮ ಮೊದಲು ತೋರಿಸಿದ್ದು ನನಗ. ಕೆನಾಲಿನ ಮೆಟ್ಟಲ ಮ್ಯಾಲೆ ಕಾಲು ತೊಳಕೋತ ಕುಂತಿದ್ದೆವು. ನನ್ನ ಕೈ ಹಿಡಿದು ಕುಪ್ಪಸದ ಮ್ಯಾಲೆ ಇಟ್ಟುಕೊಂಡಳು. ತೊಗರಿಕಾಳಿನಷ್ಟು ಇದ್ದದ್ದು ಹುಣಸಿ ಬೀಜದಷ್ಟು ಆಗ್ಯದ ಅಂದಳು. ನೋವಿಲ್ಲ, ಹಂಗಾಮು ಮುಗೀಲಿ ಅಂತ ಸುಮ್ಮನಿದ್ದಳಂತೆ. ನಾನು ಮರುದಿನಾನೇ ಶಹಾಪುರಕ್ಕ ಕರೆದೊಯ್ದೆ. ಅಲ್ಲಿಂದ ಯಾದಗಿರಿ, ಯಾದಗಿರಿಯಿಂದ ಕಲಬುರ್ಗಿ. ಕಲಬುರ್ಗಿಯ ಯಾವ ದವಾಖಾನಿ ಅಂತ ಹೇಳಂಗಿಲ್ಲ. ಅಲ್ಲಿ ಕೊಯ್ದ ಡಾಕ್ಟರಮ್ಮ ಛಲೋ ಹೆಣ್ಣುಮಗಳು, ಆಕಿಗೆ ಕೆಟ್ಟ ಹೆಸರು ಬರಬಾರದು.

ಹೋಗುವಾಗ ಧೈರ್ಯ ಇತ್ತು. ಐದು ಲಕ್ಷದ ತನಕ ಇಲಾಜಿನ ಸರ್ಕಾರಿ ಕಾರ್ಡು ಅದ, ಎಲ್ಲಾ ಪುಕ್ಕಟೆ ಅಂತ ಶಹಾಪುರದ ದವಾಖಾನಿಯ ಗ್ವಾಡಿಗೆ ದೊಡ್ಡ ಅಕ್ಷರದಾಗ ಬರೆದದ್ದನ್ನ ನಾನೇ ಓದಿ ಹೇಳಿದ್ದೆ. ನಾಕನೇ ಕ್ಲಾಸಿನ ತನಕ ಕಲಿತಾಕಿ, ದೊಡ್ಡ ಅಕ್ಷರ ಓದಾಕ ಬರತದ. ಆದರ ಕಾರ್ಡು ನಡಿಯೂದು ಬೀಮಾರಿ ಇಂಥದೇ ಅಂತ ಗೊತ್ತಾಗಿ ಒಳಗ ಮಲಗಿಸಿದ ಮ್ಯಾಲೆ. ಇಂಥದೇ ಅಂತ ಗೊತ್ತಾಗೂದಕ್ಕ ಸ್ಕ್ಯಾನು, ಗಂಟಿಗೆ ಸೂಜಿ ಚುಚ್ಚಿ ತೆಗಿಯೂ ತಪಾಸಣಿ, ಅದನ್ನ ಮತ್ತೊಂದು ಕಡೆ ಕಳಿಸೂದು, ಅವೆಲ್ಲಾ ಹೊರಗ, ಅವೆಲ್ಲಾ ಕೈಯಿಂದ. ಇದು ಯಾವ ನ್ಯಾಯ ಅಂತ ನನಗ ಇವತ್ತಿಗೂ ತಿಳಿದಿಲ್ಲ. ಹಾಲು ಕೊಡೂ ಎಮ್ಮಿ ಮಾರಿ ಆಕಿ ತನಗ ಕ್ಯಾನ್ಸರ್ ಅದ ಅನ್ನೂ ಮಾತು ಕೊಂಡುಕೊಂಡಳು.

ಕೊಯ್ದದ್ದು ಪುಕ್ಕಟೆ. ಸುಳ್ಳು ಹೇಳಂಗಿಲ್ಲ. ಮಂಚ ಪುಕ್ಕಟೆ, ಆಕಿಗೆ ಎರಡು ಹೊತ್ತು ಅನ್ನ ಪುಕ್ಕಟೆ. ರಕ್ತ ಬೇಕಾತು, ಕೊಡೂವರನ್ನ ಊರಿಂದ ಕರೆತರಬೇಕಾತು, ಅವರ ಬಸ್ಸಿನ ರೊಕ್ಕ, ಊಟ. ಪಟ್ಟಿ, ವಾಂತಿ ಗುಳಿಗಿ ತೀರಿದಾಗ ಎದುರಿನ ಅಂಗಡಿ. ಸೂಜಿ ಒಂದು ಲಿಸ್ಟಿನಾಗ ಇಲ್ಲ ಅಂದರ ಎದುರಿನ ಅಂಗಡಿ. ಆ ಅಂಗಡಿಯವ ನಮ್ಮನ್ನ ನೋಡಿದ ಕೂಡಲೇ ನಗತಿದ್ದ, ಬೀಗರನ್ನ ಕಂಡಂಗ.

ಇವೆಲ್ಲಾ ಎಣಿಸಬಹುದಾದ ಖರ್ಚು. ಯಾರೂ ಎಣಿಸದ ಖರ್ಚು ಬ್ಯಾರೆ ಅದ. ಪೇಷಂಟಿನ ಜತಿಗಿ ಯಾವಾಗಲೂ ಒಬ್ಬರು ಇರಬೇಕು, ಹೆಂಗಸರ ವಾರ್ಡಿನಾಗ ಹೆಂಗಸೇ ಇರಬೇಕು ಅಂತ ದವಾಖಾನಿಯ ಕಾಯ್ದೆ. ಹುಲಗಪ್ಪ ಗಂಡಸು, ಅದರ ಮ್ಯಾಲೆ ಕಾಲು ಊನ. ಒಬ್ಬಾಕೇ ಮಗಳು ಕಕ್ಕೇರಾದ ಗಂಡನ ಮನ್ಯಾಗ, ಕೈಗೂಸಿನ ತಾಯಿ. ಗುಂಪೇ ಹೋಗಬೇಕಾತು. ನಮ್ಮಲ್ಲಿ ಮುಯ್ಯಾಳು ಅಂತ ಅದ: ಇವತ್ತ ನಾ ನಿನ್ನ ಹೊಲದಾಗ ದುಡೀತೀನಿ, ನಾಳಿ ನೀ ನನ್ನ ಹೊಲದಾಗ ದುಡೀತಿ. ದವಾಖಾನಿಯನ್ನೂ ಹೊಲದಂಗ ಹಿಡಿದೆವು. ಈ ಸಲ ಕರೆಮ್ಮ, ಮುಂದಿನ ಸಲ ತಿಮ್ಮವ್ವ, ಆಮ್ಯಾಲೆ ನಾನು. ಹೋದಾಕಿಗೆ ಇಲ್ಲಿ ಪಾಲು, ಮಲಗಿದಾಕಿಗೂ ಪಾಲು. ಅಂದರ ಕೆಸರಾಗ ಹತ್ತು ಮಂದಿ, ಪಾಲು ಹನ್ನೆರಡು. ಒಬ್ಬಾಕಿಯೂ ಬಾಯಿ ಬಿಟ್ಟು ಅನ್ನಲಿಲ್ಲ. ಸಾಯಬಮ್ಮಗ ಅನ್ನೂದು ಬ್ಯಾಕಿರಲಿಲ್ಲ. ಗುತ್ತಿ ಮಾತಾಡಿದ ತಲಿ ಅದು, ಮಲಗಿದಲ್ಲೇ ಎಲ್ಲಾರ ಕೈಗೆ ಎಷ್ಟು ಬಂತು ಅಂತ ಹೇಳತಿತ್ತು.

ಕೊಯ್ದ ಮ್ಯಾಲೆ ಕೀಮೋ ಅಂದರು. ಮೂರು ವಾರಕ್ಕ ಒಂದು, ಒಟ್ಟು ಆರು. ಕೆಂಪು ಔಷಧದ ಬಾಟ್ಲಿ ತೂಗುಹಾಕತಿದ್ದರು. ತಲಿಗೂದಲು ಹೋಯಿತು. ಅದಕ್ಕ ಆಕಿ ಅತ್ತಿಲ್ಲ, ಎಣ್ಣಿ ಉಳೀತು ಅಂದಳು. ಉಗುರು ಕಪ್ಪಾದವು, ಬೆರಳಿನ ತುದಿ ಸುಲಿದು ಸುಲಿದು ಇದ್ದಬದ್ದ ಗೆರಿ ಎಲ್ಲಾ ಅಳಿಸಿಹೋದವು. ಪ್ರತಿ ಸಲ ಒಳಗ ಸೇರಿಸಿಕೊಳ್ಳೂದಕ್ಕ ಮೊದಲ ಕೌಂಟರಿನಾಗ ಆಧಾರದ ಮಷೀನಿಗೆ ಹೆಬ್ಬೆರಳು ಒತ್ತಬೇಕು, ಅಂದರೇನೇ ಕಾರ್ಡು ನಡೀತದ. ಮೊದಲ ಸಲ ನಡುಬೆರಳು ಹಿಡಿಯಿತು. ಎರಡನೇ ಸಲ ಹತ್ತೂ ಬೆರಳು ಒತ್ತಿದರೂ ಮಷೀನು ಕೆಂಪು ದೀಪ ತೋರಿಸಿತು. ಬೆರಳು ಆಗದಿದ್ದರ ಆಧಾರದಾಗ ಬರೆಸಿದ ಫೋನಿಗೆ ಓಟಿಪಿ ಬರತದ, ಅದನ್ನ ಹೇಳ್ರಿ ಅಂದರು. ಓಟಿಪಿ ಹೋದದ್ದು ಸಿಕಂದರನ ಫೋನಿಗೆ. ಪಾಪ, ಅವ ಗಾಡಿ ನಿಲ್ಲಿಸಿ ಫೋನ ಹಚ್ಚಿ ಅಂಕಿ ಹೇಳಿದ. ಮೂರನೇದಕ್ಕೂ ಹೇಳಿದ, ನಾಕನೇದಕ್ಕೂ ಹೇಳಿದ. ನಾವು ಆಕಿಗೆ ಚಾಷ್ಟಿ ಮಾಡತಿದ್ದೆವು: ಸಿಕಂದರನ ಅಪ್ಪಣಿ ಇಲ್ಲದ ನಿನಗ ಸೂಜಿ ಇಲ್ಲ ಅಂತ.

ಐದನೇದಕ್ಕ ಜತಿಗಿ ಹೋದಾಕಿ ನಾನು. ಅಷ್ಟರಾಗ ಸಿಕಂದರ ಟಂಟಂ ಮಾರಿ, ನೆಲ್ಲು ಕೊಯ್ಯೂ ಮಷೀನಿನ ಡ್ರೈವರಾಗಿ ಗಂಗಾವತಿ ಕಡೆ ಹೋಗಿದ್ದ. ಹಳೀ ಫೋನನ್ನೂ ಸಿಮ್ಮಿನ ಸಮೇತ ಗಾಡಿ ಜತಿಗೇ ಕೊಟ್ಟುಬಿಟ್ಟಿದ್ದ. ಆ ನಂಬರ ಈಗ ಗಾಡಿ ಕೊಂಡವನ ಕೈಯಾಗ ಇತ್ತು. ಕೌಂಟರಿನವ ಓಟಿಪಿ ಕಳಿಸ್ದ. ನಾವು ಆ ನಂಬರಿಗೆ ಫೋನ ಹಚ್ಚಿದರ ಎತ್ತಿದವ ಸೊಲ್ಲಾಪುರದವ. ನಾನು ನನಗ ಬರೂ ಅರ್ಧಮರ್ಧ ಹಿಂದಿಯಾಗ ಎಲ್ಲಾ ತಿಳಿಸಿ ಹೇಳಿದೆ. ಅಂಕಿ ಬಂದದ ಅಂದ. ಆದರ ಹೇಳಂಗಿಲ್ಲ ಅಂದ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಟೀವಿಯಾಗ ಹೇಳತಾರ, ಮುದುಕಿ ದನಿ ಮಾಡಿ ನನ್ನ ಬ್ಯಾಂಕು ಖಾಲಿ ಮಾಡಾಕ ನೋಡತೀರಿ ಅಂತ ಬೈದು ಫೋನ ಇಟ್ಟ. ಸಾಯಬಮ್ಮ ಅಲ್ಲಿ ಕಟ್ಟಿಗೆ ಒರಗಿ ಕುಂತು ನಕ್ಕಳು. ಅವನದೇನು ತಪ್ಪು, ಶಾಣ್ಯಾ ಇದ್ದಾನ ಅಂದಳು.

ನನಗ ನಗಿ ಬರಲಿಲ್ಲ. ಕೌಂಟರಿನವ ನಂಬರ ಬದಲಿ ಮಾಡಿಸಿಕೊಂಡು ಬರ್ರಿ ಅಂದ. ಹೆಂಗ ಅಂದೆ. ಆಧಾರ ಸೆಂಟರಿನಾಗ ಹೆಬ್ಬೆರಳು ಒತ್ತಿದರ ಆಗತದ ಅಂದ. ಹೆಬ್ಬೆರಳೇ ಹಿಡಿಯಲಾರದ್ದಕ್ಕ ತಾನೇ ಇಲ್ಲಿ ನಿಂತೀವಿ ಅಂದೆ. ಅವ ಮುಖ ಎತ್ತಲಿಲ್ಲ. ಹಂಗಿದ್ರ ಈ ಸಲದ್ದು ರೊಕ್ಕ ಕಟ್ರಿ, ಎಷ್ಟು ಅಂತ ಪಕ್ಕದ ಕಿಟಕಿಯಾಗ ಹೇಳತಾರ ಅಂದ. ಈಕಿ ಸಾಯಬಮ್ಮ ಅಲ್ಲ ಅಂತ ನಿಮಗ ಸಂಶಯ ಅದ ಏನು ಅಂತ ಕೇಳಿದೆ. ಮೂರು ತಿಂಗಳಿಂದ ಇದೇ ಕಿಟಕಿಯಾಗ ಇದೇ ಮುಖ ನೋಡಿರಿ, ಈಕಿ ಎದಿ ಕೊಯ್ದವರು ಒಳಗ ಕುಂತಾರ, ಕರೆದು ಕೇಳ್ರಿ ಅಂದೆ. ಅವ, “ನನಗ ಗೊತ್ತದವ್ವ ಈಕಿ ಯಾರಂತ. ಮಷೀನಿಗೆ ಗೊತ್ತಿಲ್ಲ” ಅಂದ.

ಪಕ್ಕದ ಕಿಟಕಿಯಾಗ ಹೇಳಿದ ರೊಕ್ಕವನ್ನ ನಾನು ಬೆರಳ ಮ್ಯಾಲೆ ಎಣಿಸಿ ನೋಡಿದೆ. ಬಾಟ್ಲಿ, ಮಂಚ, ಮೈಯಾಗ ಬಿಳಿ ರಕ್ತ ಏರಿಸೂ ಸೂಜಿ, ಎಲ್ಲಾ ಸೇರಿಸಿದರ ನಮ್ಮ ಪೂರಾ ಗುಂಪು ತಿಂಗಳು ಬಗ್ಗಿದರೂ ಹುಟ್ಟದ ರೊಕ್ಕ. ಸಾಯಬಮ್ಮ ಎದ್ದು ಬುತ್ತಿ ಗಂಟು ಹೆಗಲಿಗೆ ಹಾಕಿದಳು.

“ನಡಿ ದೇವಕ್ಕ. ನಾಕು ಬಾಟ್ಲಿ ಆದವಲ್ಲ, ಸಾಕು.”

“ಡಾಕ್ಟರಮ್ಮ ಆರು ಅಂದಾಳ.”

“ಡಾಕ್ಟರಮ್ಮಗ ಕರೆಮ್ಮನ ಮನಿ ಗೊತ್ತದ ಏನು? ಆಕಿ ಮಕ್ಕಳು ಬರೀ ಖಾರ ಹಚ್ಚಿಕೊಂಡು ರೊಟ್ಟಿ ತಿನ್ನಾಕತ್ತಾವ, ನನ್ನ ಸಲುವಾಗಿ. ನಾ ಇದ್ದರೂ ಇನ್ನೆಷ್ಟು ವರ್ಷ ಬಗ್ಗತೀನಿ.”

“ಕಡೀ ಸಸಿ ಹಚ್ಚೂತನಕ ಯಾರನ್ನ ಬದು ಹತ್ತಗೊಟ್ಟಿದ್ದಿ ನೀನು?”

ಆಕಿ ಬಸ್‌ಸ್ಟ್ಯಾಂಡಿನ ಕಡೆ ಮುಂದ ನಡೆದಳು. ಬಸ್ಸಿನಾಗ ಊರು ಬರೂತನಕ ಕಿಟಕಿ ಹೊರಗೇ ನೋಡಿದಳು. ನಾನು ಆಕಿ ಕೈ ಹಿಡಕೊಂಡಿದ್ದೆ. ಬೆರಳ ತುದಿ ಸಣ್ಣ ಕೂಸಿನ ಗಲ್ಲದಂಗ ನುಣ್ಣಗಿದ್ದವು. ಮೂವತ್ತು ವರ್ಷ ಈ ಸೀಮಿಗೆ ಅನ್ನ ಹಚ್ಚಿದ ಬೆರಳು.

ಮರುದಿನ ಸಂಜಿ ಗುಂಪು ಪೂರಾ ಆಕಿ ಅಂಗಳದಾಗ ಕುಂತಿತು. ಹುಲಗಪ್ಪ ಮನಿ ಒತ್ತಿ ಇಡತೀನಿ ಅಂದ. ಆ ಮಣ್ಣಿನ ಮನಿಯನ್ನ ಯಾರು ಒತ್ತಿ ಇಟ್ಟುಕೊಳ್ಳತಾರ. ತಿಮ್ಮವ್ವ ಅಂದಳು, ಮುಂದಿನ ಹಂಗಾಮಿನ ಗುತ್ತಿಗೆ ಈಗೇ ಮುಂಗಡ ತರೂಣು. ಸಾಯಬಮ್ಮ ಬ್ಯಾಡ ಅಂದಳು, ಒದರಿದಳು, ಆಮ್ಯಾಲೆ ಸೆರಗು ಮುಖಕ್ಕ ಹಾಕಿಕೊಂಡು ಕುಂತಳು. ಗುಂಪು ಕಟ್ಟಿದ ಮ್ಯಾಲೆ ಆಕಿ ಮಾತು ಮೀರಿದ್ದು ಅದೇ ಮೊದಲು.

ಮುಂಗಡ ಕೊಟ್ಟವ ಚಂದ್ರಾಮಪ್ಪ. ಕೆನಾಲಿನ ಬಾಜೂಕ ಅವನ ದೊಡ್ಡ ಗದ್ದಿ. ಭಾಳ ಮರುಕ ತೋರಿಸಿದ, ನಮಗೆಲ್ಲಾ ಚಾ ಕೊಡಿಸಿದ. ಆಮ್ಯಾಲೆ ಅಂದ: ಕೊಡತೀನಿ, ಆದರ ಎಕರೆಗೆ ಹೋದ ವರ್ಷದ ದರ, ಮತ್ತ ನನ್ನ ಗದ್ದಿ ಪೂರಾ ಮುಗಿಯೂತನಕ ಬ್ಯಾರೆಯವರ ಗದ್ದಿಗೆ ಇಳಿಯಂಗಿಲ್ಲ. ಆ ವರ್ಷ ದರ ಏರೇ ಏರತದ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಹೂಂ ಅಂದೆವು. ಬಾಟ್ಲಿ ತೂಗುಹಾಕೂ ದಿನ ದಾಟಿಹೋಗಿತ್ತು, ಚೌಕಾಶಿ ಮಾಡಾಕ ಯಾರಿಗೆ ಬಾಯಿ ಅದ.

ಐದನೇ ಬಾಟ್ಲಿ ಆತು, ತಡ ಆಗಿ. ತಡ ಯಾಕ ಮಾಡಿದಿರಿ ಅಂತ ಡಾಕ್ಟರಮ್ಮ ಬೈದಳು. ನಾವು ಕೌಂಟರಿನ ಕಡೆ ಕೈ ತೋರಿಸಿದೆವು. 

ಆರನೇದಕ್ಕ ಮೊದಲು ಮುಂಗಡದಾಗ ಉಳಿದ ರೊಕ್ಕಕ್ಕ ಸಾಯಬಮ್ಮಗ ಒಂದು ಸಣ್ಣ ಫೋನ ಕೊಂಡು ಯಾದಗಿರಿಯ ಆಧಾರ ಸೆಂಟರಿಗೆ ಹೋದೆವು. ಇಲ್ಲೂ ಹೆಬ್ಬೆರಳು ಕೇಳತಾರ, ಇಲ್ಲೂ ಜಗಳ ಅಂತ ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಅಲ್ಲಿ ಕುಂತ ಹುಡುಗಿ ಆಕಿ ಕೈ ನೋಡಿದಳು, ಒಂದು ಮಾತು ಕೇಳಲಿಲ್ಲ. ಕಪಾಟಿನಿಂದ ಕಣ್ಣು ನೋಡೂ ಡಬ್ಬಿ ತೆಗೆದು ಆಕಿ ಕಣ್ಣಿಗೆ ಹಚ್ಚಿದಳು. ಆತು ಅಜ್ಜಿ, ನಿಮ್ಮ ಹೊಸ ನಂಬರ ಹೇಳ್ರಿ ಅಂದಳು. ಇಷ್ಟೇ. ಒಂದು ಡಬ್ಬಿ. ಕನ್ನಡ ಸಾಲಿಯಾಗ ನಮ್ಮ ಕಣ್ಣಿನ ಗುರುತು ತೆಗೆದುಕೊಂಡು ಹೋಗಿದ್ದರಲ್ಲ, ಅದು ಇಷ್ಟು ವರ್ಷ ಅಲ್ಲೇ ಇತ್ತು. ದವಾಖಾನಿಯವರು ಇಂಥದೊಂದು ಇಟ್ಟುಕೊಂಡಿದ್ದರ, ಇಟ್ಟುಕೊಂಡವರ ಹತ್ರ ಹೋಗ್ರಿ ಅಂತ ಆ ಕೌಂಟರಿನವ ಒಂದು ಮಾತು ಹೇಳಿದ್ದರ, ಹನ್ನೆರಡು ಮನಿಯ ಹಂಗಾಮು ಉಳೀತಿತ್ತು. ಕಟ್ಟಿದ ರೊಕ್ಕ ವಾಪಸು ಬರತದ ಏನು ಅಂತ ದವಾಖಾನಿಯಾಗ ಕೇಳಿದೆವು. ಅದು ಹಂಗ ಬರಂಗಿಲ್ಲ ಅಂದರು.

ಆರನೇ ಸಲ ಕೌಂಟರಿನಾಗ ನಿಂತಾಗ ಸಾಯಬಮ್ಮನ ಸೊಂಟದ ಸಂಚಿಯಾಗೇ ಫೋನ ಗುಂಯ್ ಅಂತು. ನಾನು ಅಂಕಿ ಓದಿದೆ. ಅದೇ ಮನುಷ್ಯಾ, ಬರಕೊಂಡ. ಎಲ್ಲಾ ಫ್ರೀ ಆಗ್ಯದ ನೋಡ್ರಿ ಅಂದ. ಆ ಮಾತಿಗೆ ನಾನು ಕಿಟಕಿಯ ಕಟ್ಟಿಗಿ ಎರಡೂ ಕೈಯಾಗ ಹಿಡಿದೆ. ಸಾಯಬಮ್ಮ ನನ್ನ ಸೆರಗು ಜಗ್ಗಿ ಒಳಗ ಎಳಕೊಂಡು ಹೋದಳು. ಇಲ್ಲದಿದ್ದರ ಅವತ್ತ ಏನು ಅನ್ನುತ್ತಿದ್ದೆನೋ.

ಈ ಹಂಗಾಮು ಚಂದ್ರಾಮಪ್ಪನ ಗದ್ದಿಯಾಗ ಇದ್ದೀವಿ. ಆಚಿ ಬದುವಿನ ಗದ್ದಿಯವರು ಹೊಸ ದರ ಕೊಡಾಕತ್ತಾರ, ನಮಗ ಹಳೀದು. ಸಾಯಬಮ್ಮ ಬರಬ್ಯಾಡ ಅಂದರೂ ಬಂದಳು, ತಲಿಗೆ ಬಿಗಿಯಾಗಿ ಸೆರಗು ಕಟ್ಟಿ. ಕೊಯ್ದ ಕಡಿಯ ಕೈ ಇನ್ನೂ ಮ್ಯಾಲೆ ಏಳಂಗಿಲ್ಲ, ಒಂದು ಸಸಿ ಹಚ್ಚೂದರಾಗ ನಾವು ನಾಕು ಹಚ್ಚತೀವಿ. ಎಡಕ್ಕ ನಾನು, ಬಲಕ್ಕ ಕರೆಮ್ಮ. ಹೋಟೆಲಿನ ಮಾತು ಕರೆಮ್ಮ ಸಾಯಬಮ್ಮಗೂ ಹೇಳಿಬಿಟ್ಟಿದ್ದಳು. 

ಮಧ್ಯಾಹ್ನದ ಹೊತ್ತಿಗೆ ಚಂದ್ರಾಮಪ್ಪ ಶಹಾಪುರದ ಯಾರೋ ಪ್ಯಾಂಟಿನ ಮನುಷ್ಯಾನನ್ನ ಕರಕೊಂಡು ಬದುವಿನ ಮ್ಯಾಲೆ ಬಂದ. ನಮ್ಮ ಕಡೆ ಕೈ ಮಾಡಿ, ಈಕೇ ನೋಡ್ರಿ, ಕ್ಯಾನ್ಸರ್ ಆಗಿ ಬಂದಾಕಿ, ಪೂರಾ ಪುಕ್ಕಟೆ ಅಂತ ಶುರು ಮಾಡಿದ. ನಾನು ಬಾಯಿ ತೆಗೆದೆ. ಸಾಯಬಮ್ಮ ಕೈ ಅಡ್ಡ ಹಿಡಿದಳು. ಸೊಂಟ ನೆಟ್ಟಗ ಮಾಡಿ ನಿಂತಳು, ದನಿ ಏರಿಸಲಿಲ್ಲ.

“ಸಾವ್ಕಾರ್ರ, ನನ್ನ ಎಮ್ಮಿ ಹೋಯಿತು, ಈ ಹನ್ನೆರಡು ಮನಿಯ ಅರ್ಧ ಕೂಲಿ ಹೋಯಿತು. ಹೋದ ವರ್ಷದ ದರದಾಗ ಈ ವರ್ಷದ ಗದ್ದಿ ಹಚ್ಚಿಸಿಕೊಂಡವರು ನೀವು. ನನ್ನ ಬೀಮಾರಿಯಾಗ ಯಾರಿಗರ ಪುಕ್ಕಟೆ ಸಿಕ್ಕಿದ್ದರ ಅದು ನಿಮಗ.”

ಪ್ಯಾಂಟಿನ ಮನುಷ್ಯಾ ಚಂದ್ರಾಮಪ್ಪನ ಮುಖ ನೋಡಿದ. ಚಂದ್ರಾಮಪ್ಪ, ಹೆಣ್ಣುಮಕ್ಕಳಿಗೆ ಬಾಯಿ ಹೆಚ್ಚಾಗ್ಯದ, ಸಾಲು ಡೊಂಕಾಗಾಕತ್ತದ ನೋಡ್ರಿ ಅಂದ.

“ಡೊಂಕು ಎಲ್ಲಿ ಅದ, ಇಳಿದು ಬಂದು ತೋರಿಸ್ರಿ” ಅಂದಳು ಸಾಯಬಮ್ಮ.

ಅವ ಇಳಿಯಲಿಲ್ಲ. ಕಾಲಾಗ ಬೂಟು ಇದ್ದವು. ಅವರು ಹೋದ ಮ್ಯಾಲೆ ತಿಮ್ಮವ್ವ, ಇನ್ನ ಉಳಿದದ್ದನ್ನ ಬೇಕಂತಲೇ ಡೊಂಕ ಹಚ್ಚೂಣು ಅಂದಳು. ಸಾಯಬಮ್ಮ ಬೈದಳು. ಸಾಲು ಚಂದ್ರಾಮಪ್ಪನದಲ್ಲ, ನಮ್ಮದು ಅಂದಳು. ನೆಟ್ಟಗೇ ಹಚ್ಚಿದೆವು. ಆಕಿ ಕಡೀ ಸಸಿ ಹಚ್ಚೂತನಕ ಕೆಸರಾಗೇ ನಿಂತಿದ್ದು, ಆಮ್ಯಾಲೆ ಎಲ್ಲಾರೂ ಬದು ಹತ್ತಿದೆವು.

ದಸರಾ ಮುಗಿದ ಮ್ಯಾಲೆ ಮತ್ತ ಕಲಬುರ್ಗಿಗೆ ಹೋಗಬೇಕು. ಬೀಮಾರಿ ಹೊಳ್ಳಿ ಬಂದದೋ ಇಲ್ಲೋ ನೋಡೂ ಸ್ಕ್ಯಾನು. ಅದು ಕಾರ್ಡಿನಾಗ ಬರಂಗಿಲ್ಲ. ಜತಿಗಿ ಹೋಗೂ ಸರದಿ ಕರೆಮ್ಮನದು. ಆಕಿ ಪಾಲು ಆಕಿ ಹೊಸ್ತಿಲಿಗೆ ನಾನು ಮುಟ್ಟಿಸತೀನಿ.